ಖಾಲಿ ವಾಪಸ್ ಬರೋ ಬಾಡಿಗೆ ಯಾರು ಕೊಡ್ಬೇಕು?

ಇವತ್ತು ಒಂದು ಬಾಡಿಗೆ ಜಗಳದಿಂದ ಶುರು ಮಾಡ್ತೀನಿ. ಇದರಲ್ಲಿ ರಾಜೀನಾಮೆ ಇಲ್ಲ, ರೆಸಾರ್ಟ್ ಇಲ್ಲ, ಟಿಆರ್‌ಪಿ ತರುವಂಥದ್ದು ಏನೂ ಇಲ್ಲ. ಆದ್ರೂ ಸ್ವಲ್ಪ ಹೊತ್ತು ರಿಮೋಟ್ ಪಕ್ಕಕ್ಕಿಡಿ.

ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು. ಹೇಮಾವತಿ ದಡದ ಊರು. ಮೈಸೂರಿನಿಂದ ಹಾಸನದ ಕಡೆ ಹೋಗುವ ರೈಲು ಇಲ್ಲಿ ನಿಲ್ಲುತ್ತೆ. ಹೆಸರಲ್ಲೇ ಅಕ್ಕಿ ಇದೆ. ಸುತ್ತಮುತ್ತ ಗದ್ದೆ, ಕಬ್ಬು, ಆಲೆಮನೆ. ಕೆಲವು ವರ್ಷಗಳ ಹಿಂದೆ ಚುನಾವಣೆ ಸಮಯದಲ್ಲಿ ಜನಾಭಿಪ್ರಾಯ ಕೇಳೋದಕ್ಕೆ ಅಂತ ಆ ಭಾಗಕ್ಕೆ ಹೋಗಿದ್ದೆ. ಒಂದು ಆಲೆಮನೆ ಮುಂದೆ ಟೀ ಕುಡೀತಾ ನಿಂತಿದ್ವಿ. ಕ್ಯಾಮೆರಾಮನ್ ಬೆಲ್ಲದ ಕೊಪ್ಪರಿಗೆಯ ಹೊಗೆ ಶೂಟ್ ಮಾಡ್ತಿದ್ದ. ಪಕ್ಕದಲ್ಲಿ ಆಲೆಮನೆ ಯಜಮಾನರಿಗೂ ಒಬ್ಬ ಟೆಂಪೋ ಹುಡುಗನಿಗೂ ಜೋರು ಜಗಳ.

"ಮಂಡ್ಯಕ್ಕೆ ಮೂರೂವರೆ ಸಾವ್ರನಾ? ಹೋದ್ ತಿಂಗ್ಳು ಎರಡೂವರೆ ಇತ್ತಲ್ಲೋ!"

"ಹೋದ್ ತಿಂಗ್ಳು ಬರಾವಾಗ ಬೂಸಾ ಲೋಡ್ ಸಿಕ್ತಿತ್ತು ಕಣಣ್ಣೋ. ಈಗ ಸಿಕ್ತಿಲ್ಲ, ಖಾಲಿ ಬರ್ಬೇಕು. ಗಾಡಿ ಖಾಲಿ ಐತೆ ಅಂತ ಡೀಸೆಲ್‌ಗೆ ಗೊತ್ತಾಯ್ತದಾ?"

"ನನ್ ಬೆಲ್ಲಕ್ಕೆ ನಾನ್ ಬಾಡ್ಗೆ ಕೊಡ್ತೀನಿ. ನಿನ್ ಖಾಲಿ ಗಾಡಿಗೂ ನಾನೇ ಕೊಡ್ಬೇಕೇನ್ಲಾ?"

ಆವತ್ತು ನಾನು ನಕ್ಕು ಸುಮ್ಮನಾಗಿದ್ದೆ. ಬೆಂಗಳೂರಿನಲ್ಲಿ ಆಟೋದವರ ಜೊತೆ ನೀವೂ ನಾನೂ ದಿನಾ ಮಾಡುವ ಜಗಳ ತಾನೇ ಇದು? "ಆ ಕಡೆಯಿಂದ ಖಾಲಿ ಬರ್ಬೇಕು ಸಾರ್, ಒನ್ ಅಂಡ್ ಹಾಫ್ ಕೊಡಿ." ಆದರೆ 2021ರಲ್ಲಿ ಒಬ್ಬ ಕಾಫಿ ರಫ್ತುದಾರರು ತಮ್ಮ ಬಿಲ್ಲಿನ ಫೋಟೋ ವಾಟ್ಸಾಪ್ ಮಾಡಿದಾಗ ಆ ಯಜಮಾನರು ಥಟ್ಟನೆ ನೆನಪಾದರು. ಬಿಲ್ಲಿನಲ್ಲಿ ಹಡಗಿನ ಬಾಡಿಗೆ ಬೇರೆ ಇತ್ತು, ಇಂಧನದ ಚಾರ್ಜು ಬೇರೆ ಇತ್ತು. ಕೆಳಗೆ ಇನ್ನೊಂದು ಸಾಲು: ಎಕ್ವಿಪ್‌ಮೆಂಟ್ ಇಂಬ್ಯಾಲೆನ್ಸ್ ಸರ್‌ಚಾರ್ಜ್. ಅಂದ್ರೆ ಏನು? ನಿಮ್ಮ ಬಂದರಿನಲ್ಲಿ ಕಂಟೇನರ್ ಇಲ್ಲ, ಬೇರೆ ಎಲ್ಲಿಂದಲೋ ಖಾಲಿ ಕಂಟೇನರ್ ಹೊತ್ತು ತರಬೇಕು, ಅದರ ಖರ್ಚು ನೀವು ಕೊಡಿ. ಅಷ್ಟೇ. ಮಂಡ್ಯದಿಂದ ಖಾಲಿ ಬರುವ ಟೆಂಪೋ ಬಾಡಿಗೆ, ಡಾಲರ್ ಲೆಕ್ಕದಲ್ಲಿ. ಕೆಲವು ಬಂದರುಗಳಲ್ಲಿ ಇದು ಉಲ್ಟಾ. ಅಲ್ಲಿ ಖಾಲಿ ಡಬ್ಬಿಗಳು ರಾಶಿ ಬಿದ್ದಿರುತ್ತವೆ, ವಾಪಸ್ ಕಳಿಸೋ ಖರ್ಚನ್ನು ಆಮದು ಮಾಡಿಕೊಂಡವನಿಂದ ವಸೂಲಿ ಮಾಡ್ತಾರೆ. ಹೆಸರು ಬೇರೆ ಬೇರೆ, ಜಗಳ ಒಂದೇ.

ಈ ಜಗಳ ಇವತ್ತಿನದಲ್ಲ. ಐನೂರು ವರ್ಷದ ಹಿಂದಕ್ಕೆ, ನಮ್ಮದೇ ಭಟ್ಕಳಕ್ಕೆ ಬನ್ನಿ.

ವಿಜಯನಗರಕ್ಕೆ ಕುದುರೆ ಬೇಕು. ಒಳ್ಳೆಯ ಕುದುರೆ ನಮ್ಮಲ್ಲಿ ಹುಟ್ಟೋದಿಲ್ಲ, ಅರಬ್ ಮತ್ತು ಪರ್ಷಿಯಾ ಕಡೆಯಿಂದ, ಹೋರ್ಮುಜ್ ಬಂದರಿನ ಮೂಲಕ ಬರಬೇಕು. ಕುದುರೆ ತುಂಬಿಕೊಂಡು ಬಂದ ಹಡಗು ವಾಪಸ್ ಹೋಗುವಾಗ ಏನು ತುಂಬಬೇಕು? ಹಡಗು ಅನ್ನೋದು ಟೆಂಪೋ ಥರ ಅಲ್ಲ, ಪೂರ್ತಿ ಖಾಲಿ ಹೊರಟರೆ ಅಲೆಗೆ ಮಗುಚಿಕೊಳ್ಳುತ್ತೆ. ಏನೂ ಸಿಗದಿದ್ದರೆ ಕಲ್ಲಾದರೂ ತುಂಬಬೇಕು. ನಮ್ಮ ಕರಾವಳಿಯ ಪುಣ್ಯ, ಕಲ್ಲು ತುಂಬುವ ಪ್ರಮೇಯ ಬರಲಿಲ್ಲ. 16ನೇ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸ್ ಬಾರ್ಬೋಸಾ, ಹೋರ್ಮುಜ್‌ನ ಹಡಗುಗಳು ಭಟ್ಕಳಕ್ಕೆ ಕುದುರೆ ತಂದು ಅಕ್ಕಿ, ಸಕ್ಕರೆ, ಕಬ್ಬಿಣ ತುಂಬಿಕೊಂಡು ಹೋಗುತ್ತಿದ್ದವು ಅಂತ ದಾಖಲಿಸಿದ್ದಾನೆ. ಬಸ್ರೂರಿನ ಅಕ್ಕಿಯೂ ಸಮುದ್ರ ದಾಟುತ್ತಿತ್ತು. ಮರಳುಗಾಡಿನ ಬಂದರಿಗೆ ಅನ್ನ ಬೇಕು, ನಮ್ಮ ರಾಜನಿಗೆ ಕುದುರೆ ಬೇಕು. ಕುದುರೆಯಲ್ಲಿ ಸಿಗುವ ಲಾಭ ಅಕ್ಕಿಯಲ್ಲಿ ಸಿಗೋದಿಲ್ಲ, ನಿಜ. ಆದರೆ ಅಕ್ಕಿ ಹಡಗಿನ ಹೊಟ್ಟೆ ತುಂಬಿಸುತ್ತೆ, ವಾಪಸ್ ಪ್ರಯಾಣದ ಖರ್ಚು ಹುಟ್ಟಿಸುತ್ತೆ.

ಇನ್ನೊಬ್ಬ ಪೋರ್ಚುಗೀಸ್, ಕುದುರೆ ವ್ಯಾಪಾರಿ ನ್ಯೂನಿಜ್, ಇನ್ನೂ ಸ್ವಾರಸ್ಯದ ವಿಷಯ ಬರೆದಿದ್ದಾನೆ. ಸಾಳುವ ನರಸಿಂಹ ರಾಜ ಕುದುರೆ ಬದುಕಿದ್ದರೂ ಸತ್ತಿದ್ದರೂ ದುಡ್ಡು ಕೊಡ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ಮಾತ್ರ ತಂದು ತೋರಿಸಿದರೂ ಸಾಕು, ಪೂರ್ತಿ ಬೆಲೆ! ಇದನ್ನು ಓದಿ ರಾಜನಿಗೆ ತಲೆ ಕೆಟ್ಟಿತ್ತು ಅಂದ್ಕೋಬೇಡಿ. ಹಡಗಿನವನು ಬರೋದನ್ನೇ ನಿಲ್ಲಿಸಿಬಿಟ್ಟರೆ ಸೈನ್ಯ ಮುಗೀತು ಅಂತ ಅವನಿಗೆ ಗೊತ್ತಿತ್ತು. ದಾರಿಯ ನಷ್ಟವನ್ನು ತಾನೇ ಹೊತ್ತುಕೊಂಡ. ಇದೂ ಒಂದು ಸರ್‌ಚಾರ್ಜೇ. ಆದರೆ ಗಮನಿಸಿ, ಅದಕ್ಕೆ ಲೆಕ್ಕ ಇತ್ತು. ಬಾಲ ತೋರಿಸಬೇಕಿತ್ತು. ಈ ಬಾಲದ ವಿಷಯ ನೆನಪಿಟ್ಕೊಳ್ಳಿ, ಆಮೇಲೆ ಬರ್ತೀನಿ.

ಕರಾವಳಿಯಲ್ಲಿ ಹಡಗು. ಘಟ್ಟದ ಮೇಲೆ ಎತ್ತು. ಲಂಬಾಣಿಗಳು, ಇತಿಹಾಸದ ಪುಸ್ತಕಗಳು ಬ್ರಿಂಜಾರಿ ಅಂತ ಕರೆಯುವ ಜನ, ಸಾವಿರಾರು ಎತ್ತುಗಳ ಬೆನ್ನ ಮೇಲೆ ಹೇರು ಹಾಕಿಕೊಂಡು ಊರೂರು ಸುತ್ತುತ್ತಿದ್ದರು. ಇಳಿಯುವಾಗ ಧಾನ್ಯ, ಹತ್ತುವಾಗ ಉಪ್ಪು. ಎತ್ತು ಖಾಲಿ ನಡೆದರೂ ಅದೇ ಹುಲ್ಲು ತಿನ್ನುತ್ತೆ ಅನ್ನುವ ಲೆಕ್ಕ ಅವರಿಗೆ ಯಾವ ಮ್ಯಾನೇಜ್‌ಮೆಂಟ್ ಕಾಲೇಜೂ ಹೇಳಿಕೊಡಲಿಲ್ಲ. ಎರಡೂ ಕಡೆ ಲೋಡ್ ಇದ್ದದ್ದರಿಂದಲೇ ಒಳನಾಡಿನ ಬಡವನ ಮನೆಗೂ ಉಪ್ಪು ಕೈಗೆಟುಕುವ ಬೆಲೆಗೆ ಬರುತ್ತಿತ್ತು.

ಹೊರೆ ಹೊರುವ ಪ್ರಾಣಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಅಕ್ಕಿಹೆಬ್ಬಾಳಿನ ನೆರೆಯಲ್ಲೇ ಸಾಕ್ಷಿ ಇದೆ. ಊರಿನಿಂದ ಹೇಮಾವತಿ ಜೊತೆಗೇ ಕೆಳಕ್ಕೆ ಹೋದರೆ ಅದು ಕಾವೇರಿ ಸೇರಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಾಗುತ್ತೆ. ಆ ನೀರಿನಡಿ ಹಳೇ ಕನ್ನಂಬಾಡಿ ಊರು ಇತ್ತು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣ ಹಿಡೀಬೇಕು ಅಂತ ಬಂದವನು ಅಲ್ಲಿ ಬೀಡು ಬಿಟ್ಟಿದ್ದ. ಬೆಂಗಳೂರು ಕೋಟೆ ಆಗಲೇ ಅವನ ಕೈಸೇರಿತ್ತು. ಅರಕೆರೆ ಹತ್ತಿರದ ಕಾಳಗದಲ್ಲೂ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿದ್ದ. ಇನ್ನೇನು ಕೋಟೆ ಎದುರಿಗೇ ಇದೆ ಅನ್ನುವಾಗ ಅವನನ್ನು ಸೋಲಿಸಿದ್ದು ಎತ್ತುಗಳು. ಮಳೆ ಬೇಗ ಹಿಡಿಯಿತು, ಮೇವಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯೋಕೆ ಅಷ್ಟು ದೂರದಿಂದ ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಕೈಯಾರೆ ಹಾಳುಮಾಡಿ ಹಿಂದಿರುಗಿದ. ಸೈನ್ಯಕ್ಕೆ ತಿನ್ನೋದಕ್ಕೂ ಗತಿ ಇಲ್ಲ. ಆ ಸ್ಥಿತಿಯಲ್ಲಿ ಮೇಲುಕೋಟೆ ಕಡೆ ಹೊರಟವನಿಗೆ ದಾರಿಯಲ್ಲಿ ಎದುರಾಗಿದ್ದು ಹರಿಪಂತ್ ಮತ್ತು ಪರಶುರಾಮ ಭಾವು ನೇತೃತ್ವದ ಮರಾಠ ಸೈನ್ಯ. ಅವರು ಹತ್ತಿರದಲ್ಲೇ ಇದ್ದಾರೆ ಅನ್ನೋದು ಅವನಿಗೆ ಗೊತ್ತೇ ಇರಲಿಲ್ಲ. ಟಿಪ್ಪುವಿನ ಸವಾರರು ಓಲೆಕಾರರನ್ನೆಲ್ಲ ತಡೆದಿದ್ದರು. ಮರಾಠರ ದಂಡಿನ ಬಜಾರಿನಲ್ಲಿ ಧಾನ್ಯ ಬೇಕಾದಷ್ಟಿತ್ತು. ಬೆಲೆ ಮಾತ್ರ ಬಾಯಿಗೆ ಬಂದಷ್ಟು.

ನೋಡಿ, ನಾಡಿನಲ್ಲಿ ಅಕ್ಕಿ ಇರಲಿಲ್ಲ ಅಂತಲ್ಲ. ಅಕ್ಕಿ ಇತ್ತು, ಹೊರುವವರು ಇರಲಿಲ್ಲ. ಹೊರುವವರು ಯಾರ ಕೈಯಲ್ಲಿದ್ದರೋ ಬೆಲೆಯೂ ಅವರ ಕೈಯಲ್ಲೇ ಇತ್ತು. ಕಾರ್ನ್‌ವಾಲಿಸ್ ಪಾಠ ಕಲಿತ. ಅಲೆಕ್ಸಾಂಡರ್ ರೀಡ್ ಅನ್ನುವ ಕ್ಯಾಪ್ಟನ್ ಮೂಲಕ ಬ್ರಿಂಜಾರಿಗಳನ್ನು ಒಲಿಸಿಕೊಂಡ. ಮುಂದಿನ ವರ್ಷ ಬಂದಾಗ ಅವನ ಹಿಂದೆ ಧಾನ್ಯದ ಎತ್ತುಗಳ ಸಾಲೇ ಇತ್ತು. 1792ರ ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಟಿಪ್ಪುವಿಗೂ ಈ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ. ಅವನ ಬಗ್ಗೆ ಸ್ಟುಡಿಯೋದಲ್ಲಿ ನಾವು ಎಷ್ಟು ಡಿಬೇಟ್ ಮಾಡಿದ್ದೀವೋ ದೇವರಿಗೇ ಗೊತ್ತು, ಈ ವಿಷಯ ಮಾತ್ರ ಒಂದು ಸಲವೂ ಬರಲಿಲ್ಲ. ಮಸ್ಕತ್‌ನಲ್ಲಿ ಅವನದೊಂದು ವ್ಯಾಪಾರದ ಕೋಠಿ ಇತ್ತು. ಮಂಗಳೂರಿನ ಅಕ್ಕಿ, ಮೆಣಸು, ಏಲಕ್ಕಿ, ಶ್ರೀಗಂಧ ಅಲ್ಲಿಗೆ ಹೋಗ್ತಿತ್ತು. ವಾಪಸ್ ಏನು ತರಬೇಕು ಅಂತ ಅವನು ಅಲ್ಲಿನ ಅಧಿಕಾರಿಗೆ ಬರೆದ ಪತ್ರಗಳು ಉಳಿದಿವೆ. ಗಂಧಕ ತನ್ನಿ, ಕೇಸರಿ ಬೀಜ ತನ್ನಿ, ರೇಷ್ಮೆ ಹುಳು ತನ್ನಿ, ಸಾಕುವುದನ್ನು ಬಲ್ಲವರನ್ನೂ ಕರೆತನ್ನಿ. ಹಡಗು ಖಾಲಿ ಬರಬಾರದು!

ಸರಿ, ಈಗ ಕಬ್ಬಿಣದ ಡಬ್ಬಿಗೆ ಬರೋಣ.

1956ರ ಏಪ್ರಿಲ್ 26. ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಐಡಿಯಲ್ ಎಕ್ಸ್ ಅನ್ನುವ ಹಡಗು 58 ಡಬ್ಬಿಗಳನ್ನು ಹೊತ್ತು ಹೊರಟಿತು. ಮಾಲೀಕ ಮಾಲ್ಕಂ ಮೆಕ್ಲೀನ್, ಮೂಲತಃ ಲಾರಿ ಓನರ್. ಹಮಾಲರು ಮೂಟೆ ಮೂಟೆ ಹೊತ್ತು ತುಂಬಿದರೆ ಟನ್ನಿಗೆ ಆರು ಡಾಲರ್ ಹತ್ತಿರ ಬೀಳುತ್ತಿದ್ದ ಖರ್ಚು, ಡಬ್ಬಿಯನ್ನೇ ಎತ್ತಿಟ್ಟಾಗ 16 ಸೆಂಟ್ ಆಸುಪಾಸಿಗೆ ಇಳಿಯಿತು. ಇಲ್ಲಿಯವರೆಗಿನ ಕಥೆ ಎಲ್ಲರೂ ಹೇಳ್ತಾರೆ. ನನಗೆ ಇಷ್ಟ ಆಗೋದು ಆಮೇಲಿನ ಕಥೆ. 1967ರ ಹೊತ್ತಿಗೆ ಮೆಕ್ಲೀನ್ ಕಂಪನಿಗೆ ವಿಯೆಟ್ನಾಂ ಯುದ್ಧಕ್ಕೆ ಸರಕು ಸಾಗಿಸುವ ಗುತ್ತಿಗೆ ಸಿಕ್ಕಿತು. ಹೋಗುವಾಗ ಡಬ್ಬಿ ತುಂಬಾ ಸೈನ್ಯದ ಸಾಮಾನು. ಬರುವಾಗ? ಯುದ್ಧಭೂಮಿಯಿಂದ ಏನು ತರೋದು? ಎಲ್ಲ ಖಾಲಿ. ಹೋಗಿಬರುವ ಖರ್ಚೆಲ್ಲ ಮಿಲಿಟರಿ ಬಾಡಿಗೆಯಲ್ಲೇ ಹುಟ್ಟುತ್ತಿತ್ತು, ಹಾಗಾಗಿ ಅವನಿಗೆ ನಷ್ಟ ಇರಲಿಲ್ಲ. ಆದರೆ ಲಾರಿ ಓನರ್ ಬುದ್ಧಿ ಎಲ್ಲಿ ಹೋಗುತ್ತೆ? ದಾರಿಯಲ್ಲಿ ಜಪಾನ್‌ಗೆ ತಿರುಗಿಸಿ ಅಂದ. ಅಲ್ಲಿನ ಕಾರ್ಖಾನೆಗಳ ಮಾಲು ಆ ಖಾಲಿ ಡಬ್ಬಿಗಳಲ್ಲಿ ಅಮೆರಿಕಕ್ಕೆ ಹೋಯಿತು. ಖರ್ಚು ಆಗಲೇ ಹುಟ್ಟಿದ್ದರಿಂದ ಬಂದ ಬಾಡಿಗೆಯೆಲ್ಲ ಲಾಭವೇ. ಜಪಾನಿನ ಟೀವಿ, ಟೇಪ್ ರೆಕಾರ್ಡರ್ ಅಮೆರಿಕದ ಮನೆಮನೆ ಸೇರಿದ್ದರಲ್ಲಿ ಈ ರಿಟರ್ನ್ ಲೋಡ್‌ನ ಪಾಲೂ ಇದೆ.

ಮುಂದೆ ಚೀನಾ ಆ ಜಾಗಕ್ಕೆ ಬಂತು, ತಕ್ಕಡಿ ಪೂರ್ತಿ ವಾಲಿತು. ಅಲ್ಲಿಂದ ಹೋಗುವ ಡಬ್ಬಿ ತುಂಬಿರುತ್ತೆ, ಅಲ್ಲಿಗೆ ಬರುವ ಡಬ್ಬಿ ಬಹುಪಾಲು ಖಾಲಿ. ಕೊರೊನಾ ಕಾಲದಲ್ಲಿ ಅಮೆರಿಕದವರು ಮನೆಯಲ್ಲಿ ಕೂತು ಆರ್ಡರ್ ಮೇಲೆ ಆರ್ಡರ್ ಹಾಕಿದರು. ಡಬ್ಬಿಗಳೆಲ್ಲ ಅವರ ಬಂದರಿನಲ್ಲಿ, ಅವರ ಗೋದಾಮಿನಲ್ಲಿ ಸಿಕ್ಕಿಬಿದ್ದವು. ಚೀನಾದಿಂದ ಹೊರಡುವ 40 ಅಡಿ ಡಬ್ಬಿಗೆ ಎಂಥ ಬಾಡಿಗೆ ಅಂದ್ರೆ, ಡಬ್ಬಿ ತುಂಬಿಸಿಕೊಳ್ಳೋಕೂ ಕಾಯದೆ ಖಾಲಿಯಾಗಿಯೇ ವಾಪಸ್ ಓಡಿಸಿದರೆ ಲಾಭ ಜಾಸ್ತಿ. ಕ್ಯಾಲಿಫೋರ್ನಿಯಾದ ಬಾದಾಮಿ ಬೆಳೆಗಾರರು ಮಾಲು ಇಟ್ಕೊಂಡು ಬಂದರಿನಲ್ಲಿ ಕಾಯುತ್ತಿದ್ದರು, ಎದುರಿಗೇ ಖಾಲಿ ಡಬ್ಬಿ ಹೊತ್ತ ಹಡಗು ಹೊರಟುಹೋಗುತ್ತಿತ್ತು. ಜಗತ್ತಿನ ಪ್ರಮುಖ ಮಾರ್ಗಗಳ ಸರಾಸರಿ ಲೆಕ್ಕ ಕೊಡುವ ಡ್ರೂರಿ ಸೂಚ್ಯಂಕದ ಪ್ರಕಾರ 40 ಅಡಿ ಡಬ್ಬಿಯ ಬಾಡಿಗೆ 2019ರಲ್ಲಿ 1,500 ಡಾಲರ್‌ಗೂ ಕಡಿಮೆ. 2021ರ ಸೆಪ್ಟೆಂಬರ್‌ನಲ್ಲಿ 10 ಸಾವಿರ ದಾಟಿತು. ಅದೇ ವರ್ಷ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ನಿಂತಿದ್ದನ್ನು ಆರು ದಿನ ನಾವೂ ಬ್ರೇಕಿಂಗ್ ನ್ಯೂಸ್ ಮಾಡಿದ್ವಿ. ಹಡಗು ಕದಲಿದ ಮೇಲೆ ನಾವು ಬೇರೆ ಸುದ್ದಿಗೆ ಹೋದ್ವಿ. ಬಾಡಿಗೆ ಇಳಿಯಲಿಲ್ಲ, ಅದನ್ನು ಯಾರೂ ತೋರಿಸಲಿಲ್ಲ. ನಾನೂ ತೋರಿಸಲಿಲ್ಲ.

ಈಗ ನಮ್ಮ ಮಂಗಳೂರು. ಪಣಂಬೂರಿನ ಬಂದರು 2021ರ ಹೊತ್ತಿಗೆ ವರ್ಷಕ್ಕೆ ನಿಭಾಯಿಸುತ್ತಿದ್ದದ್ದು ಒಂದೂವರೆ ಲಕ್ಷದ ಆಸುಪಾಸು ಕಂಟೇನರ್, 20 ಅಡಿ ಲೆಕ್ಕದಲ್ಲಿ. ಮುಂಬೈ ಪಕ್ಕದ ನ್ಹಾವಾ ಶೇವಾ 2022-23ರಲ್ಲೇ 60 ಲಕ್ಷ ದಾಟಿತ್ತು. ದೊಡ್ಡ ಬಸ್‌ಸ್ಟ್ಯಾಂಡಿಗೂ ರಸ್ತೆ ಬದಿಯ ರಿಕ್ವೆಸ್ಟ್ ಸ್ಟಾಪಿಗೂ ಇರುವ ವ್ಯತ್ಯಾಸ ಅದು. ಇನ್ನೂ ಒಂದು ತೊಡಕಿದೆ. ದೇಶದಲ್ಲಿ ಕಾಫಿ ಅಂದ್ರೆ ಕರ್ನಾಟಕ, ಬೆಳೆಯುವುದರಲ್ಲಿ ಸುಮಾರು 70 ಪರ್ಸೆಂಟ್ ನಮ್ಮದೇ. ಅದರ ದೊಡ್ಡ ಪಾಲು ಇಟಲಿ, ಜರ್ಮನಿ ಅಂತ ಹೊರಗೆ ಹೋಗುತ್ತೆ. ಅದಕ್ಕೆ ಬೇಕಾಗಿರೋದು 20 ಅಡಿ ಡಬ್ಬಿ. 60 ಕೆಜಿಯ 320 ಚೀಲ, ಹತ್ತಿರ ಹತ್ತಿರ 19 ಟನ್. ತೂಕದ ಸರಕಿಗೆ ಚಿಕ್ಕ ಡಬ್ಬಿಯೇ ಸರಿ. ಹೊರಗಿನಿಂದ ಬರುವ ಸಾಮಾನು ಹಗುರ, ಜಾಗ ಜಾಸ್ತಿ ತಿನ್ನುವಂಥದ್ದು, ಅದು 40 ಅಡಿ ಡಬ್ಬಿಯಲ್ಲಿ ಬರುತ್ತೆ. ಸಾಲದ್ದಕ್ಕೆ ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತೆ. ಹಿಂದಿನ ಟ್ರಿಪ್‌ನಲ್ಲಿ ಕೆಮಿಕಲ್ಲೋ ಚರ್ಮವೋ ತುಂಬಿದ್ದ ಡಬ್ಬಿ ಉಪಯೋಗಕ್ಕಿಲ್ಲ. ತೂತಿಲ್ಲದ, ಒಣಗಿದ, ವಾಸನೆ ಇಲ್ಲದ ಡಬ್ಬಿಯೇ ಬೇಕು. ಹಾಗಾಗಿ ಡಬ್ಬಿಗಳ ರಾಶಿ ಕಣ್ಣೆದುರಿಗೇ ಇದ್ದರೂ ಕಾಫಿಯವನಿಗೆ ಡಬ್ಬಿ ಇಲ್ಲ.

ಮಂಗಳೂರಿನ ಹಳೇ ಬುದ್ಧಿವಂತಿಕೆ ಇಲ್ಲಿ ಸ್ವಲ್ಪ ಕಾಪಾಡಿದೆ. ಕರಾವಳಿಯ ಗೇರು ಕಾರ್ಖಾನೆಗಳಿಗೆ ಆಫ್ರಿಕಾದಿಂದ ಹಸಿ ಗೇರು ಬೀಜ ಕಂಟೇನರ್‌ನಲ್ಲಿ ಬರುತ್ತೆ. ಗೇರು ಇಳಿಸಿದ ಡಬ್ಬಿಗೆ ಕಾಫಿ ಹತ್ತುತ್ತೆ. ಭಟ್ಕಳದ ಕುದುರೆ ಮತ್ತು ಅಕ್ಕಿಯ ಕಥೆಯೇ ಅಲ್ವಾ ಇದು? ಆದರೆ ಗೇರು ಬರುವ ತಿಂಗಳು ಬೇರೆ, ಕಾಫಿ ಹೋಗುವ ತಿಂಗಳು ಬೇರೆ ಆದರೆ ಏನು ಮಾಡೋದು? ಆಗ ಖಾಲಿ ಡಬ್ಬಿ ಬೇರೆ ಬಂದರಿನಿಂದ ಬರಬೇಕು. ಆಗ ಆ ಸಾಲು ಬಿಲ್ಲಿನಲ್ಲಿ ಬರುತ್ತೆ.

ಮೈಸೂರು, ಮಂಡ್ಯ, ಬೆಂಗಳೂರು ಭಾಗದ ಕಥೆ ಇನ್ನೊಂದು. ಸಮುದ್ರವೇ ಇಲ್ಲದ ಬೆಂಗಳೂರಿಗೆ 1981ರ ಆಗಸ್ಟ್‌ನಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಬಂತು. ಇದು ನಮಗೆ ಹೆಮ್ಮೆಯ ವಿಷಯ, ಪಠ್ಯಪುಸ್ತಕದಲ್ಲಿ ಇರಬೇಕಿತ್ತು, ಇಲ್ಲ. ವೈಟ್‌ಫೀಲ್ಡ್ ಅಂದ್ರೆ ಇವತ್ತಿನ ಹುಡುಗರಿಗೆ ಐಟಿ ಪಾರ್ಕು, ಟ್ರಾಫಿಕ್ಕು. ಅಲ್ಲಿನ ರೈಲ್ವೆ ಯಾರ್ಡಿನಲ್ಲಿ ಡಬ್ಬಿಗಳು ಚೆನ್ನೈ ಬಂದರಿಗೆ ಹತ್ತಿ ಇಳಿಯುತ್ತಿರುತ್ತವೆ. ಅಂದ್ರೆ ನಮ್ಮ ಭಾಗದ ರಫ್ತುದಾರ ಎರಡು ಸಲ ಖಾಲಿ ಬಾಡಿಗೆಗೆ ಸಿಕ್ಕಬಹುದು. ಚೆನ್ನೈಗೆ ಡಬ್ಬಿ ಖಾಲಿ ಬಂದರೆ ಒಂದು, ಚೆನ್ನೈಯಿಂದ ಬೆಂಗಳೂರಿಗೆ ಖಾಲಿ ಬಂದರೆ ಇನ್ನೊಂದು.

ನಾನು ಹಡಗಿನವರ ವಿರೋಧಿ ಅಲ್ಲ. ಟೆಂಪೋ ಹುಡುಗ ಹೇಳಿದ್ದು ನಿಜ, ಗಾಡಿ ಖಾಲಿ ಇದೆ ಅಂತ ಡೀಸೆಲ್‌ಗೆ ಗೊತ್ತಾಗಲ್ಲ. ಖಾಲಿ ಡಬ್ಬಿಯೂ ಎರಡು ಟನ್‌ಗಿಂತ ಜಾಸ್ತಿ ತೂಗುತ್ತೆ, ಕ್ರೇನ್ ಬೇಕು, ಜಾಗ ಬೇಕು. ಖರ್ಚು ನಿಜ. ನನ್ನ ತಕರಾರು ಬೇರೆ. ಆ ಕಾಫಿ ರಫ್ತುದಾರರಿಗೆ ನಾನು ಫೋನ್ ಮಾಡಿ ಕೇಳಿದೆ, ಕೊಡೋದ್ರಲ್ಲಿ ತಪ್ಪೇನು ಸಾರ್? ಅವರು ಹೇಳಿದ್ದು ಇಷ್ಟು: "ಕೊಡೋಣ. ಆದ್ರೆ ನನಗೆ ಸಿಕ್ಕ ಡಬ್ಬಿ ಖಾಲಿ ಬಂತೋ, ಗೇರು ತುಂಬ್ಕೊಂಡು ಬಂತೋ ನನಗೆ ಹೇಗೆ ಗೊತ್ತಾಗ್ಬೇಕು? ಗೇರಿನವನ ಹತ್ರ ಬಾಡಿಗೆ ತಗೊಂಡು, ಅದೇ ಡಬ್ಬಿಗೆ ನನ್ನ ಹತ್ರ ಖಾಲಿ ಬಾಡಿಗೆನೂ ತಗೊಂಡ್ರೆ? ಕೇಳಿದ್ರೆ ಉತ್ತರ ಇಲ್ಲ. ಜಾಸ್ತಿ ಕೇಳಿದ್ರೆ ಡಬ್ಬಿನೇ ಇಲ್ಲ."

ಬಾಲ ಎಲ್ಲಿ ಅಂತ ಕೇಳ್ತಿದ್ದಾರೆ ಅವರು. ಸಾಳುವ ನರಸಿಂಹನಿಗೆ ತೋರಿಸುತ್ತಿದ್ದರಲ್ಲ, ಆ ಕುದುರೆ ಬಾಲ.

ಹಾಗಂತ ಆ ರಫ್ತುದಾರರು ಆ ದುಡ್ಡನ್ನು ತಮ್ಮ ಜೇಬಿನಿಂದ ಕೊಟ್ಟರಾ? ಅವರೇ ಒಪ್ಪಿಕೊಂಡರು. ಇಟಲಿಯವನು ಒಂದು ರೂಪಾಯಿ ಜಾಸ್ತಿ ಕೊಡಲ್ಲ, ಅವನಿಗೆ ಬ್ರೆಜಿಲ್ ಇದೆ, ವಿಯೆಟ್ನಾಂ ಇದೆ. ಆದ್ದರಿಂದ ಆ ಹೊರೆ ಕೆಳಕ್ಕೆ ಜಾರುತ್ತೆ. ಮಡಿಕೇರಿಯಲ್ಲೋ ಸಕಲೇಶಪುರದಲ್ಲೋ ಐದೆಕರೆ ತೋಟದವನು ಚೀಲ ತೂಗಿಸುವಾಗ "ಈ ಸಲ ರೇಟು ಸ್ವಲ್ಪ ಡೌನ್" ಅಂತಾರೆ. ಯಾಕೆ ಡೌನ್ ಅಂತ ಅವನಿಗೆ ಯಾವ ಬಿಲ್ಲೂ ಸಿಗೋದಿಲ್ಲ.

ಅಮೆರಿಕದಲ್ಲಿ ಬಾದಾಮಿಯವರು ಗಲಾಟೆ ಮಾಡಿದರು. 2022ರ ಜೂನ್‌ನಲ್ಲಿ ಕಾಯ್ದೆಯೇ ತಿದ್ದುಪಡಿ ಆಯಿತು, ಹಡಗಿನವರು ಕಾರಣವಿಲ್ಲದೆ ರಫ್ತು ಸರಕು ನಿರಾಕರಿಸುವಂತಿಲ್ಲ, ಹಾಕಿದ ಚಾರ್ಜು ಸರಿ ಅಂತ ತಾವೇ ತೋರಿಸಬೇಕು ಅನ್ನುವ ದಿಕ್ಕಿನಲ್ಲಿ. ನಮ್ಮಲ್ಲಿ? 2025ರ ಸೆಪ್ಟೆಂಬರ್‌ನಲ್ಲಿ ಭಾವನಗರದಲ್ಲಿ ಪ್ರಧಾನಿಯೇ ಒಂದು ಲೆಕ್ಕ ಕೊಟ್ಟರು. ವಿದೇಶಿ ಹಡಗು ಕಂಪನಿಗಳಿಗೆ ಭಾರತ ವರ್ಷಕ್ಕೆ ಕಟ್ಟುವ ಬಾಡಿಗೆ ಸುಮಾರು 6 ಲಕ್ಷ ಕೋಟಿ ರೂಪಾಯಿ. 50 ವರ್ಷದ ಹಿಂದೆ ನಮ್ಮ ವಿದೇಶಿ ವ್ಯಾಪಾರದ 40 ಪರ್ಸೆಂಟ್ ನಮ್ಮದೇ ಹಡಗಿನಲ್ಲಿ ಹೋಗುತ್ತಿತ್ತು, ಈಗ 5 ಪರ್ಸೆಂಟ್. ಡಬ್ಬಿಗಳಂತೂ ಜಗತ್ತಿನಲ್ಲಿ ಹೆಚ್ಚು ಕಡಿಮೆ ಎಲ್ಲವೂ ಚೀನಾದಲ್ಲೇ ತಯಾರು. ನಾವೇ ತಯಾರಿಸ್ತೀವಿ ಅಂತ ಅದೇ ಭಾವನಗರದಲ್ಲಿ ಶುರುಮಾಡಿದ್ದಾರೆ, ಒಳ್ಳೆಯದು. ಆದರೆ ಡಬ್ಬಿ ನಮ್ಮದಾದರೂ ರಿಟರ್ನ್ ಲೋಡ್ ಇಲ್ಲದಿದ್ದರೆ ಅದೂ ಖಾಲಿಯೇ ಬರುತ್ತೆ.

2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹೌತಿಗಳ ದಾಳಿ ಶುರುವಾಗಿ, ಹಡಗುಗಳು ಇಡೀ ಆಫ್ರಿಕಾ ಸುತ್ತಿ ಯೂರೋಪಿಗೆ ಹೋಗುವಂತಾದಾಗ ಅದೇ ರಫ್ತುದಾರರ ಬಿಲ್ಲಿನಲ್ಲಿ ಮತ್ತೆ ಹೊಸ ಸಾಲುಗಳು ಬಂದವು. ಪ್ರಯಾಣ ಉದ್ದವಾದರೆ ಡಬ್ಬಿ ವಾಪಸ್ ಬರೋದೂ ತಡ, ತಡವಾದರೆ ಮತ್ತೆ ಕೊರತೆ. ಈ ಸಲ ಅವರು ಫೋಟೋ ಕಳಿಸಲಿಲ್ಲ. "ಎಷ್ಟು ಸಲ ಕಳಿಸೋದು ಬಿಡಿ ಸಾರ್" ಅಂದ್ರು.

ಮೊನ್ನೆ ಹಾಸನಕ್ಕೆ ಹೋಗುವಾಗ ಬೇಕಂತಲೇ ಅಕ್ಕಿಹೆಬ್ಬಾಳಿನ ಮೇಲೆ ಹೋದೆ. ಆಲೆಮನೆ ಯಜಮಾನರು ಗುರುತು ಹಿಡಿದರು. ಬಿಸಿ ಬೆಲ್ಲ ಎಲೆ ಮೇಲೆ ಹಾಕಿ ಕೊಟ್ಟರು. ಆವತ್ತಿನ ಬಾಡಿಗೆ ಜಗಳ ಏನಾಯ್ತು ಅಂತ ಕೇಳಿದೆ.

"ಅವತ್ತು ಎರಡೂ ಮುಕ್ಕಾಲಿಗೆ ಮುಗೀತು ಬುಡಿ. ಈಗ ಅಂಗಲ್ಲ. ಹೊರಡಾಕ್ ಮುಂಚೆ ಅವ್ನು ಮಂಡ್ಯದ ಬೂಸಾ ಅಂಗ್ಡಿಗೆ ಫೋನ್ ಹಾಕ್ತಾನೆ. ಬರಾವಾಗ ಲೋಡ್ ಐತೆ ಅಂದ್ರೆ ಒಂದ್ ರೇಟು, ಇಲ್ಲ ಅಂದ್ರೆ ಇನ್ನೊಂದು."

ಅವನು ಸುಳ್ಳು ಹೇಳಿದ್ರೆ?

"ಎಂಗ್ ಹೇಳ್ತಾನೆ ಸಾಮಿ? ನನ್ ಮುಂದೆನೇ ನಿಂತ್ಕಂಡು ಹಾಕ್ಬೇಕು, ಸ್ಪೀಕರ್ ಆನ್ ಮಾಡಿ."